ನಳಿಗೆಯಲ್ಲಿಟ್ಟ ಬಾಲ

ನಾಯಿ ಬಾಲ ನಳಿಗೆಯಲ್ಲಿಟ್ಟರೂ ಡೊಂಕು ಎಂಬ ಗಾದೆಯನ್ನು ಶಾಲೆಯಲ್ಲಿ ವಿಸ್ತರಿಸಿ ಬರೆದು ಅಂಕ ಗಿಟ್ಟಿಸಿದವರೇ ನಾವೆಲ್ಲ. ಆದರೆ ನಿಜವಾಗಿಯೂ ನಾಯಿಯ ಬಾಲವನ್ನು ನಳಿಗೆಯಲ್ಲಿಟ್ಟು ಎರಡು ವಾರ ಕಾದವರು ಎಷ್ಟು ಜನ ಇದ್ದೀರಿ? ನಾನು ಕಾದಿದ್ದೇನೆ. ಅದೂ ನನ್ನದೇ ತಪ್ಪಿಗೆ.

ಕಾಯ್ಕಿಣಿಯ ನಮ್ಮ ಮನೆಗೆ ಕೆಂಚ ಬಂದಾಗ ಅಂಗೈಯಷ್ಟಿದ್ದ. ಜಾತಿ ಗೀತಿ ಏನಿಲ್ಲ, ಅಪ್ಪಟ ಊರ ನಾಯಿ. ಕೆಂಪು ಮೈ, ಬೆನ್ನ ಮೇಲಕ್ಕೆ ಸುರುಳಿ ಸುತ್ತಿದ ಬಾಲ, ಅದರ ತುದಿಯಲ್ಲಿ ಸುಣ್ಣದಲ್ಲಿ ಅದ್ದಿ ತೆಗೆದಂತೆ ಒಂದಿಷ್ಟು ಬಿಳಿ. ಸಂಜೆ ನಾನು ಬಸ್ ಇಳಿದು ಬರುವಾಗ ಮೊದಲು ಕೇಳುತ್ತಿದ್ದದ್ದು ಅವನ ಬೊಗಳುವಿಕೆ ಅಲ್ಲ, ಬಾವಿಕಟ್ಟೆಯ ಬಳಿ ಇಟ್ಟ ಕೊಡಪಾನಕ್ಕೆ ಬಾಲ ಬಡಿಯುವ ಸದ್ದು. ಟಣ್ ಟಣ್ ಟಣ್. 'ನಿನ್ನ ಬಸ್ಸು ಬಂತು ಅಂತ ಇವನೇ ಗಂಟೆ ಹೊಡೀತಾನೆ ಮಾರಾಯ' ಎಂದು ಅಜ್ಜಿ ನಗುತ್ತಿದ್ದರು.

ಮೊದಲು ನಮ್ಮ ಮನೆಗೆ ಗೇಟು ಇರಲಿಲ್ಲ. ದಣಪೆ ಇತ್ತು. ಎರಡು ಕಂಬ, ಅಡ್ಡಕ್ಕೆ ನಾಲ್ಕು ಬೊಂಬು. ದನ ಒಳಬಾರದು, ನಾಯಿ ನುಸುಳಬಹುದು. ಆಮೇಲೆ ಚಿರೆಕಲ್ಲಿನ ಪಾಗಾರ ಕಟ್ಟಿಸಿದೆವು, ಕಬ್ಬಿಣದ ಗೇಟು ಬಂತು. ಗಾಳಿ ಜೋರಾದರೆ ತಾನೇ ಹೋಗಿ ದಢಾರನೆ ಬಡಿದುಕೊಳ್ಳುವಷ್ಟು ಭಾರದ ಗೇಟು. ಮನೆಗೆ ಅಂದ ಬಂತು ಎಂದು ಎಲ್ಲರಿಗೂ ಖುಷಿ. ದಣಪೆಯಿಂದ ಯಾವ ನಾಯಿಯ ಬಾಲವೂ ಜಜ್ಜಿದ್ದಿಲ್ಲ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಜುಲೈ ತಿಂಗಳು. ನಮ್ಮ ಕಡೆಯ ಮಳೆ ಗೊತ್ತಲ್ಲ, ಛತ್ರಿ ಹಿಡಿದದ್ದು ಮನಸ್ಸಿನ ಸಮಾಧಾನಕ್ಕೆ ಮಾತ್ರ. ಹೊನ್ನಾವರದ ಬಸ್ ಹಿಡಿಯಲು ಓಡುತ್ತಿದ್ದೆ. ಗೇಟು ದಾಟಿ ಹಿಂದೆ ನೋಡದೆ ಎಳೆದೆ. ಕೆಂಚ ಎಂದಿನಂತೆ ನನ್ನನ್ನು ಬೀಳ್ಕೊಡಲು ಬಂದು, ಬೇಡ ಎಂದದ್ದಕ್ಕೆ ಒಳಕ್ಕೆ ತಿರುಗಿದ್ದ. ಮೈ ಒಳಗೆ ಹೋಗಿತ್ತು, ಬಾಲ ಹೋಗಿರಲಿಲ್ಲ. ಅವನು ಕಿರುಚಿದ್ದು ನನಗೆ ಕೇಳಿಸಿತು. ಕೇಳಿಸಲಿಲ್ಲ ಎಂದು ಸುಳ್ಳು ಹೇಳಲಾರೆ. ಬಸ್ ತಿರುವಿನಲ್ಲಿ ಕಾಣುತ್ತಿತ್ತು. ನಾನು ಬಸ್ ಹತ್ತಿದೆ.

ಸಂಜೆ ಕೊಡಪಾನದ ಸದ್ದಿರಲಿಲ್ಲ. ಕಟ್ಟಿಗೆ ರಾಶಿಯ ಹಿಂದೆ ಮುದುಡಿಕೊಂಡು ಬಾಲದ ತುದಿಯನ್ನು ನೆಕ್ಕುತ್ತಿದ್ದ. ಬಿಳಿ ಕೂದಲೆಲ್ಲ ಕೆಂಪಾಗಿತ್ತು, ಒಂದು ಕಡೆ ಚರ್ಮ ಸುಲಿದಿತ್ತು. ಮುಟ್ಟಲು ಹೋದರೆ ಹಲ್ಲು ತೋರಿಸಿದ. ನನ್ನ ಮೇಲೆ ಅವನು ಹಲ್ಲು ತೋರಿಸಿದ್ದು ಅದೇ ಮೊದಲು. ಅಜ್ಜಿ ಅರಿಶಿನ, ತೆಂಗಿನೆಣ್ಣೆ ಕಲಸಿ ಕೊಟ್ಟರು. ಅಪ್ಪ ಹಿಡಿದರು, ನಾನು ಹಚ್ಚಿದೆ. ರಕ್ತ ಜಿನುಗುತ್ತಲೇ ಇತ್ತು. ಅವನು ಬಾಲ ಕೊಡವಿದಾಗಲೆಲ್ಲ ಜಗಲಿಯ ಗೋಡೆಗೆ ಹನಿಗಳು ಚಿಮ್ಮಿದವು. ಹಳೆ ಲುಂಗಿಯ ಚೂರು ಸುತ್ತಿದೆ, ಬಿಚ್ಚಿ ಹೋಯಿತು. ಮತ್ತೆ ಸುತ್ತಿ, ಗಾಯದ ಮೇಲ್ಭಾಗಕ್ಕೆ ಗೋಣಿ ಹೊಲಿಯುವ ದಾರದಿಂದ ಬಿಗಿದು ಮೂರು ಗಂಟು ಹಾಕಿದೆ. ರಕ್ತ ನಿಂತಿತು. ನನಗೆ ಡಾಕ್ಟರೇ ಆದಷ್ಟು ಹೆಮ್ಮೆ.

ಮೂರನೇ ದಿನ ವಾಸನೆ ಬಂತು. ನಾಲ್ಕನೇ ದಿನ ಬಟ್ಟೆಯ ಅಂಚಿನಲ್ಲಿ ಏನೋ ಮಿಸುಕಿದ್ದು ಕಂಡಿತು. ಹುಳ.

ಆಗ ಶುರುವಾಯಿತು ನೋಡಿ ಸಲಹೆಗಳ ಮಳೆ. ಫಿನೈಲ್ ಸುರಿಯಿರಿ ಎಂದರು ಒಬ್ಬರು. ಪೆಟ್ರೋಲ್ ಹಾಕಿದರೆ ಹುಳ ತನ್ನಿಂತಾನೇ ಉದುರುತ್ತದೆ ಎಂದರು ಇನ್ನೊಬ್ಬರು. ಪಕ್ಕದ ಮನೆಯ ಮಾಸ್ತರು ಮಾತ್ರ ಬೇಲಿಯಾಚೆಯಿಂದಲೇ ಗದರಿದರು: 'ಎಂತ ಹುಡುಗಾಟ ಮಾಡ್ತಾ ಇದ್ದೀಯಾ? ನಿನ್ನ ಕೈಗೆ ಗಾಯ ಆದ್ರೆ ಪೆಟ್ರೋಲ್ ಹಾಕ್ಕೊಳ್ತೀಯನಾ? ರಿಕ್ಷಾ ಕರಿ, ಭಟ್ಕಳಕ್ಕೆ ಕರ್ಕೊಂಡು ಹೋಗು.' ನಾಯಿ ಹತ್ತಿಸಿಕೊಳ್ಳಲು ಒಪ್ಪಿದ ರಿಕ್ಷಾದಣ್ಣ ಮೂರನೆಯವನು. ಹೆದ್ದಾರಿಯ ಹದಿನೈದು ಕಿಲೋಮೀಟರ್ ಉದ್ದಕ್ಕೂ ಕೆಂಚ ನನ್ನ ತೊಡೆಯ ಮೇಲೆ ತಲೆ ಇಟ್ಟಿದ್ದ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಪಶು ವೈದ್ಯರು ಬಟ್ಟೆ ಕತ್ತರಿಸಿ ತೆಗೆದರು. ದಾರದ ಕೆಳಗಿನ ನಾಲ್ಕು ಇಂಚು ಬಾಲ ಕಪ್ಪಾಗಿ ತಣ್ಣಗಿತ್ತು. ಚಿಮ್ಮಟದಿಂದ ಚಿವುಟಿದರೂ ಕೆಂಚನಿಗೆ ಗೊತ್ತಾಗಲಿಲ್ಲ.

'ದಾರ ಕಟ್ಟಿದ್ದು ಯಾರು ತಮ್ಮಾ?'

'ನಾನೇ ಸರ್.'

'ಗೇಟು ತೆಗ್ದದ್ದು ಬರೀ ಚರ್ಮ. ಬಾಲ ತೆಗ್ದದ್ದು ನಿನ್ನ ದಾರ.'

ಅವರು ಸಿಟ್ಟಿನಿಂದ ಹೇಳಲಿಲ್ಲ. ಹುಳ ತೆಗೆಯುತ್ತ, ಒಂದೊಂದನ್ನೇ ಟ್ರೇಗೆ ಹಾಕುತ್ತ, ಪಾಠ ಮಾಡುವವರಂತೆ ಹೇಳಿದರು. ಆ ಅರ್ಧ ಗಂಟೆಯಲ್ಲಿ ಕೇಳಿದ್ದು, ಆಮೇಲೆ ನಾನಾಗಿಯೇ ಹುಡುಕಿ ಓದಿದ್ದು ಎಲ್ಲ ಸೇರಿಸಿ ಬರೆಯುತ್ತಿದ್ದೇನೆ. ನಮ್ಮೂರಲ್ಲಿ ನಾಯಿ ಇಲ್ಲದ ಮನೆ ಕಡಿಮೆ, ಗೇಟು ಇಲ್ಲದ ಮನೆ ಇನ್ನೂ ಕಡಿಮೆ ಆಗುತ್ತಿದೆ.

ನಾಯಿಯ ಬಾಲ ಎಂದರೆ ಬೆನ್ನುಮೂಳೆಯ ಮುಂದುವರಿದ ಭಾಗ. ಉದ್ದ ಬಾಲದಲ್ಲಿ ಸುಮಾರು 20 ಪುಟ್ಟ ಮೂಳೆಗಳ ಸರಪಳಿ ಇರುತ್ತದೆ, ತುದಿಗೆ ಹೋದಂತೆ ಸಣ್ಣದಾಗುತ್ತ ಹೋಗುತ್ತದೆ. ಬುಡದಲ್ಲಿ ದಪ್ಪ ಸ್ನಾಯು. ತುದಿಯಲ್ಲಿ ಮೂಳೆ, ಅದರ ಮೇಲೆ ಚರ್ಮ, ಅಷ್ಟೇ. ರಕ್ತ ಸಂಚಾರವೂ ಅಲ್ಲಿ ಕಡಿಮೆ. ಆದ್ದರಿಂದ ಕಾಲಿನ ಗಾಯ ಒಂದು ವಾರಕ್ಕೆ ಮಾಗಿದರೆ ಬಾಲದ ತುದಿಯ ಗಾಯ ತಿಂಗಳಾದರೂ ಹಸಿಯಾಗಿಯೇ ಇರಬಹುದು. ಜತೆಗೆ ಅದು ಸುಮ್ಮನಿರುವ ಅಂಗವಲ್ಲ. ಕಾಲು ನೋವಾದರೆ ನಾಯಿ ಕಾಲೆತ್ತಿ ಕುಂಟುತ್ತದೆ. ಬಾಲ ನೋವಾಗಿದ್ದರೂ ನಮ್ಮನ್ನು ಕಂಡರೆ ಆಡಿಸದೆ ಇರಲಾರದು. ಒಣಗುತ್ತ ಬಂದ ಗಾಯ ಗೋಡೆಗೆ ಬಡಿದು ಮತ್ತೆ ಬಾಯಿಬಿಡುತ್ತದೆ. ಲ್ಯಾಬ್ರಡಾರ್, ಗ್ರೇಟ್ ಡೇನ್‌ನಂಥ ದೊಡ್ಡ ನಾಯಿಗಳಲ್ಲಿ ಏಟೇ ಬೀಳದೆ, ಬರೀ ಖುಷಿಗೆ ಬಾಲ ಬಡಿದು ಬಡಿದೇ ಗಾಯ ಆಗುತ್ತದಂತೆ. ಇದನ್ನು ಇಂಗ್ಲಿಷಿನಲ್ಲಿ 'ಹ್ಯಾಪಿ ಟೇಲ್' ಎನ್ನುತ್ತಾರೆ. ಸಂತೋಷಕ್ಕೇ ರಕ್ತ ಬರುವ ಪ್ರಾಣಿ ಬೇರೆ ಯಾವುದಿದೆಯೋ.

ನಾನು ಮಾಡಿದ ತಪ್ಪು ಸರಳ. ಬಿಗಿಯಾದ ದಾರ ರಕ್ತ ಹೊರ ಬರುವುದನ್ನು ಮಾತ್ರವಲ್ಲ, ಒಳ ಹೋಗುವುದನ್ನೂ ನಿಲ್ಲಿಸುತ್ತದೆ. ರಕ್ತ ಸಿಗದ ಭಾಗ ಸಾಯುತ್ತದೆ. ಮಕ್ಕಳು ಆಟಕ್ಕೆ ನಾಯಿಮರಿಯ ಬಾಲಕ್ಕೆ ಹಾಕಿ ಮರೆತುಬಿಡುವ ರಬ್ಬರ್ ಬ್ಯಾಂಡಿನದ್ದೂ ಇದೇ ಕತೆ. ಕೂದಲೊಳಗೆ ಅಡಗಿರುತ್ತದೆ, ಊದಿಕೊಂಡು ವಾಸನೆ ಬರುವವರೆಗೂ ಯಾರಿಗೂ ಕಾಣುವುದಿಲ್ಲ. ರಕ್ತ ನಿಲ್ಲಿಸಲು ಚೊಕ್ಕ ಬಟ್ಟೆಯನ್ನು ಗಾಯದ ಮೇಲಿಟ್ಟು ಕೈಯಿಂದ ಐದು–ಹತ್ತು ನಿಮಿಷ ಒತ್ತಿ ಹಿಡಿದರೆ ಸಾಕಿತ್ತು. ನಡುವೆ ನಡುವೆ ತೆಗೆದು 'ನಿಂತಿತಾ' ಎಂದು ಇಣುಕಬಾರದು. ಅದಕ್ಕೂ ಮುಂಚೆ, ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಸಣ್ಣ ಚಮಚ ಉಪ್ಪು ಹಾಕಿ, ಆ ನೀರಿನಲ್ಲಿ ಮಣ್ಣು, ಕೂದಲು ಎಲ್ಲ ಹೋಗುವಂತೆ ತೊಳೆಯಬೇಕು. ಆಮೇಲೆ ಸಡಿಲವಾಗಿ ಬಟ್ಟೆ ಸುತ್ತಿ ಅದೇ ದಿನ ಡಾಕ್ಟರ ಹತ್ತಿರ ಹೋಗುವುದು. ಅದೇ ದಿನ ಎಂಬುದನ್ನು ಒತ್ತಿ ಹೇಳುತ್ತಿದ್ದೇನೆ. ನಾನು ನಾಲ್ಕು ದಿನ ತೆಗೆದುಕೊಂಡೆ.

ಅಜ್ಜಿಯ ಅರಿಶಿನದ ಬಗ್ಗೆ ಕೇಳಿದೆ. 'ಗೀರು ಗಾಯಕ್ಕೆ ತೊಂದ್ರೆ ಇಲ್ಲ, ಆದ್ರೆ ಮೂಳೆ ಕಾಣೋ ಗಾಯಕ್ಕೆ ಅದ್ರಿಂದ ಏನೂ ಆಗ್ಲಿಕ್ಕಿಲ್ಲ' ಎಂದರು. ಫಿನೈಲ್, ಪೆಟ್ರೋಲ್, ಸೀಮೆಎಣ್ಣೆ ಮೂರಕ್ಕೂ ಕೈಮುಗಿದರು. ಅವು ಹುಳ ಕೊಲ್ಲುವ ಮೊದಲು ಹಸಿ ಮಾಂಸವನ್ನು ಸುಡುತ್ತವೆ, ನಾಯಿ ನೆಕ್ಕಿದರೆ ಹೊಟ್ಟೆಗೂ ಹೋಗುತ್ತವೆ. ಮಳೆಗಾಲದಲ್ಲಿ ತೆರೆದ ಗಾಯಕ್ಕೆ ನೊಣ ಕೂತು ಮೊಟ್ಟೆ ಇಟ್ಟರೆ ಒಂದು ದಿನದೊಳಗೆ ಮರಿಹುಳ ಹೊರಬರಬಹುದು. ಅವು ಮಾಂಸ ಕೊರೆಯುತ್ತ ಒಳಗೆ ಹೋಗುತ್ತವೆ. ಮೇಲೆ ಎರಡು ಕಂಡರೆ ಒಳಗೆ ಇಪ್ಪತ್ತು ಎಂದೇ ತಿಳಿಯಬೇಕು. ಕೆಂಚನ ಬಾಲದಿಂದ ತೆಗೆದದ್ದನ್ನು ನಾನು ಎಣಿಸಲು ಶುರು ಮಾಡಿ ಮೂವತ್ತಕ್ಕೆ ಬಿಟ್ಟೆ.

ಇನ್ನೊಂದು ತಪ್ಪು ಕೂದಲೆಳೆಯಲ್ಲಿ ತಪ್ಪಿತ್ತು. ಎರಡನೇ ರಾತ್ರಿ ಅವನ ನರಳಾಟ ಕೇಳಲಾಗದೆ ಮನೆಯಲ್ಲಿದ್ದ ನೋವಿನ ಮಾತ್ರೆ ಕೊಡೋಣ ಎಂದಿದ್ದೆ. ಅಮ್ಮ ಬೇಡವೆಂದರು, ಮಾತ್ರೆ ಮುಗಿದರೆ ಅಪ್ಪನಿಗೆ ಬೇಕಾಗುತ್ತದೆ ಎಂಬ ಕಾರಣಕ್ಕೆ! ಆ ಕಾರಣವೇ ಕೆಂಚನನ್ನು ಕಾಪಾಡಿತು. ನಾವು ತಲೆನೋವಿಗೆ ನುಂಗುವ ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಮೂತ್ರಪಿಂಡ ಕೆಡಿಸುತ್ತದೆ. ಡೈಕ್ಲೊಫೆನಾಕ್ ಕೂಡ ಅಪಾಯ. ಪ್ಯಾರಸಿಟಮಾಲ್ ಹೆಚ್ಚಾದರೆ ಯಕೃತ್ತಿಗೆ ಏಟು. ನಾಯಿಗೆ ಕೊಡುವ ನೋವಿನ ಔಷಧಿ ಬೇರೆಯೇ ಇದೆ, ತೂಕ ನೋಡಿ ಡಾಕ್ಟರೇ ಕೊಡಬೇಕು.

ಬಾಲದ ತುದಿಗೆ ಏಟಾದರೆ ಹೋಗುವುದು ಬಾಲ ಮಾತ್ರ. ಬುಡಕ್ಕೆ ಏಟಾದರೆ ವಿಷಯ ಬೇರೆ. ನಾಯಿಯ ಬಾಲವನ್ನು ಯಾರಾದರೂ ಜೋರಾಗಿ ಜಗ್ಗಿದರೆ, ಇಲ್ಲವೇ ಗಾಡಿಯ ಚಕ್ರಕ್ಕೆ ಸಿಕ್ಕಿ ಎಳೆದುಕೊಂಡು ಹೋದರೆ, ಬುಡದ ಹತ್ತಿರದ ನರಗಳು ಹಿಗ್ಗಿ ಹರಿಯಬಹುದು. ಅವೇ ನರಗಳ ಗುಂಪಿನಲ್ಲಿ ಮೂತ್ರ ಮತ್ತು ಮಲವನ್ನು ಹಿಡಿತದಲ್ಲಿಡುವ ನರಗಳೂ ಇವೆ. ಹೊರಗೆ ಒಂದು ಹನಿ ರಕ್ತವೂ ಕಾಣುವುದಿಲ್ಲ. ಬಾಲ ಮಾತ್ರ ಒದ್ದೆ ಬಟ್ಟೆಯಂತೆ ಜೋತುಬೀಳುತ್ತದೆ, ನಾಯಿ ಮೂತ್ರ ಮಾಡಲು ಒದ್ದಾಡುತ್ತದೆ, ಅಥವಾ ಅದಕ್ಕೇ ಗೊತ್ತಿಲ್ಲದೆ ತೊಟ್ಟಿಕ್ಕುತ್ತದೆ. ಇಂಥದ್ದನ್ನು ಕಂಡರೆ ನಾಳೆ ನೋಡೋಣ ಎನ್ನಬಾರದು. ಡಾಕ್ಟರು ಬಾಲ ನೋಡುವ ಮೊದಲು ಕೆಂಚ ಮೂತ್ರ ಮಾಡಿದನಾ ಎಂದು ಕೇಳಿದ್ದು ಏಕೆ ಎಂದು ನನಗೆ ಆಗ ಅರ್ಥವಾಗಿರಲಿಲ್ಲ. ಎತ್ತಿನ ಬಾಲ ತಿರುಚಿ ಓಡಿಸುವುದನ್ನು ನೋಡುತ್ತ ಬೆಳೆದವರು ನಾವು, ಪ್ರಾಣಿಯ ಬಾಲ ಎಂದರೆ ಹಿಡಿದೆಳೆಯುವ ಹಗ್ಗ ಎಂದೇ ನಮ್ಮ ಕೈಗೆ ಅಭ್ಯಾಸವಾಗಿಬಿಟ್ಟಿದೆ.

ಜೋತುಬಿದ್ದ ಬಾಲವೆಲ್ಲ ಮುರಿದ ಬಾಲವೂ ಅಲ್ಲ. ಮುರ್ಡೇಶ್ವರದ ಕಡಲತೀರಕ್ಕೆ ಪ್ರವಾಸಿಗರು ನಾಯಿ ಕರೆತರುವುದನ್ನು ನೋಡಿರಬಹುದು. ತಣ್ಣೀರಿನಲ್ಲಿ ಬಹಳ ಹೊತ್ತು ಈಜಿದ, ಅಭ್ಯಾಸವಿಲ್ಲದೆ ದಿನವಿಡೀ ಓಡಿದ ಲ್ಯಾಬ್ರಡಾರ್‌ನಂಥ ನಾಯಿಯ ಬಾಲ ಮರುದಿನ ಬುಡದಿಂದಲೇ ಇಳಿಬೀಳುವುದುಂಟು. ಅದು ಸ್ನಾಯುವಿನ ಸುಸ್ತು. ಸಾಮಾನ್ಯವಾಗಿ ಕೆಲವು ದಿನಗಳ ವಿಶ್ರಾಂತಿಯಲ್ಲಿ ಸರಿಹೋಗುತ್ತದೆ. ಯಾವುದು ಯಾವುದೆಂದು ಹೇಳಬೇಕಾದವರು ಮಾತ್ರ ಡಾಕ್ಟರೇ.

ಕೆಂಚನಿಗೆ ಇಂಜೆಕ್ಷನ್ ಕೊಟ್ಟು, ಸತ್ತ ಭಾಗಕ್ಕಿಂತ ಸ್ವಲ್ಪ ಮೇಲೆ ಎರಡು ಮೂಳೆಗಳ ಸಂಧಿಯಲ್ಲಿ ಕತ್ತರಿಸಿದರು. ಚರ್ಮವನ್ನು ಸ್ವಲ್ಪ ಉದ್ದ ಉಳಿಸಿಕೊಂಡು ಮೂಳೆಯ ಮೇಲೆ ಮಡಚಿ ಹೊಲಿದರು. ಬಿಳಿ ತುದಿ ಟ್ರೇಯಲ್ಲಿ ಉಳಿಯಿತು. ಆಮೇಲೆ ಅವರು ದೊಡ್ಡದೊಂದು ಸಿರಿಂಜ್ ತೆಗೆದು, ಒಳಗಿನ ದಂಡ ಎಳೆದು ಎಸೆದು, ಮೂತಿಯನ್ನು ಕತ್ತರಿಸಿ, ಗಾಳಿಯಾಡಲು ಅಲ್ಲಲ್ಲಿ ತೂತು ಮಾಡಿ, ಆ ಪ್ಲಾಸ್ಟಿಕ್ ಕೊಳವೆಯನ್ನು ಬ್ಯಾಂಡೇಜಿನ ಮೇಲಿಂದ ಬಾಲಕ್ಕೆ ತೊಡಿಸಿ ಅಂಟುಪಟ್ಟಿ ಹಾಕಿದರು. ಇನ್ನು ಗೋಡೆಗೆ ಬಡಿದರೂ ಏಟು ಕೊಳವೆಗೆ, ಹೊಲಿಗೆಗೆ ಅಲ್ಲ. ನನಗೆ ಆ ಹೊತ್ತಿನಲ್ಲೂ ನಗು ಬಂತು. 'ಸರ್, ಇದು ನಳಿಗೆ ಅಲ್ವಾ?' ಅಂದೆ. ಅವರೂ ನಕ್ಕರು. 'ಹೌದು ಮಾರಾಯ. ನೇರ ಆಗ್ತದನಾ ನೋಡು.'

ಮನೆಗೆ ಬಂದ ಮೇಲೆ ನಿಜವಾದ ಕೆಲಸ. ಬ್ಯಾಂಡೇಜ್ ಒದ್ದೆಯಾಗಬಾರದು, ನಮ್ಮ ಜುಲೈಯಲ್ಲಿ! ಕಟ್ಟಿದ್ದರ ಮೇಲ್ಭಾಗ ಊದಿದೆಯೇ, ವಾಸನೆ ಇದೆಯೇ ಎಂದು ದಿನಕ್ಕೆ ಎರಡು ಸಲ ನೋಡಬೇಕು. ನೆಕ್ಕದಂತೆ ಕೊರಳಿಗೆ ಕೊಳವೆಯಾಕಾರದ ಕಾಲರ್ ಹಾಕಬೇಕು. ಅಂಗಡಿಯದು ಅವನ ಅಳತೆಗೆ ಸಿಗಲಿಲ್ಲ, ಒಡೆದ ಪ್ಲಾಸ್ಟಿಕ್ ಬಕೆಟಿನ ತಳ ಕತ್ತರಿಸಿ, ಅಂಚಿಗೆ ಬಟ್ಟೆ ಹೊಲಿದು ಅಮ್ಮನೇ ಮಾಡಿದರು. ಮೊದಲ ದಿನ ಅದನ್ನು ಹಾಕಿಕೊಂಡು ತುಳಸಿಕಟ್ಟೆಗೆ ಡಿಕ್ಕಿ ಹೊಡೆದು, ನಮ್ಮನ್ನೆಲ್ಲ ಒಂದು ಸಲ ನೋಡಿ, ಅಲ್ಲೇ ಮಲಗಿಬಿಟ್ಟ. ಅವನಿಗೆ ಸೊಳ್ಳೆಪರದೆಯೊಳಗೆ ಹಾಸಿಗೆಯಾಯಿತು, ನೊಣ ಕೂರಬಾರದಲ್ಲ. 'ನನ್ನ ಮದ್ವೇಲೂ ಇಷ್ಟು ಉಪಚಾರ ಇರ್ಲಿಲ್ಲ' ಎಂದರು ಅಜ್ಜಿ.

ಅತಿ ಕಷ್ಟದ್ದು, ಖುಷಿಪಡಿಸದೆ ಇರುವುದು. ನಾನು ಬಂದಾಗ ಬಾಲ ಆಡಬಾರದು. ಆದ್ದರಿಂದ ಸಂಜೆ ಹಿತ್ತಲ ಬಾಗಿಲಿನಿಂದ ಸದ್ದಿಲ್ಲದೆ ಒಳಬಂದು, ಅವನನ್ನು ಮಾತನಾಡಿಸದೆ, ಕಣ್ಣು ಕೊಡದೆ ಹೋಗುತ್ತಿದ್ದೆ. ಎರಡು ವಾರ. ಹನ್ನೆರಡನೇ ದಿನ ಹೊಲಿಗೆ ಬಿಚ್ಚಿದರು. ನಳಿಗೆ ತೆಗೆದೊಡನೆ ಉಳಿದ ಬಾಲ ನಿಧಾನಕ್ಕೆ ಎದ್ದು ಎಡಕ್ಕೆ ಡೊಂಕಾಗಿ ನಿಂತಿತು. ಗಾದೆ ಸುಳ್ಳಾಗಲಿಲ್ಲ.

'ಹೋಗ್ಲಿ ಬಿಡು, ಬಾಲ ಕತ್ರಿಸಿದ್ರೆ ನಾಯಿ ಜೋರಾಗ್ತದೆ, ಮೊದಲೇ ಕತ್ರಿಸಿದ್ರೆ ಈ ರಗಳೆಯೇ ಇರ್ಲಿಲ್ಲ' ಎಂದು ಸಮಾಧಾನ ಹೇಳಿದವರಿದ್ದಾರೆ. ಇದು ನಮ್ಮೂರಿನವರ ಮಾತು ಮಾತ್ರವಲ್ಲ, ವಿದೇಶಗಳಲ್ಲೂ ಗಾಯ ತಪ್ಪಿಸಲೆಂದೇ ಮರಿಗಳ ಬಾಲ ಕತ್ತರಿಸುವ ವಾದವಿದೆ. ಬ್ರಿಟನ್ನಿನಲ್ಲಿ ಪಶು ಚಿಕಿತ್ಸಾಲಯಗಳ ದಾಖಲೆಗಳನ್ನು ಲೆಕ್ಕ ಹಾಕಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಾಲಕ್ಕೆ ಗಾಯವಾದ ನಾಯಿಗಳು ಶೇ 0.23 ಮಾತ್ರ. ಒಂದು ನಾಯಿಯ ಬಾಲದ ಗಾಯ ತಪ್ಪಿಸಲು ಸುಮಾರು 500 ನಾಯಿಗಳ ಬಾಲ ಕತ್ತರಿಸಬೇಕಾಗುತ್ತದೆ ಎಂದು ಆ ಅಧ್ಯಯನ ಹೇಳಿತು. ಅಲ್ಲಿಯೂ ಗಾಯಗಳಿಗೆ ದೊಡ್ಡ ಕಾರಣ ಕಾಡಲ್ಲ, ಬೇಟೆಯಲ್ಲ. ಮನೆಯ ಗೋಡೆ ಮತ್ತು ಬಾಗಿಲು. ಅಂದರೆ ಸರಿಪಡಿಸಬೇಕಾದದ್ದು ಬಾಗಿಲನ್ನು.

ಬಾಲ ಇಲ್ಲದಿದ್ದರೆ ನಾಯಿಗೆ ಏನು ನಷ್ಟ? ನಡೆಯುತ್ತದೆ, ಓಡುತ್ತದೆ, ಉಣ್ಣುತ್ತದೆ. ನಷ್ಟ ಮಾತಿನದ್ದು. 2007ರಲ್ಲಿ ಇಟಲಿಯ ವಿಜ್ಞಾನಿಗಳು 30 ನಾಯಿಗಳ ಬಾಲದ ಚಲನೆಯನ್ನು ಕ್ಯಾಮೆರಾದಲ್ಲಿ ಅಳೆದರು. ಯಜಮಾನನನ್ನು ಕಂಡಾಗ ಬಾಲ ಬಲಕ್ಕೆ ಹೆಚ್ಚು ವಾಲಿತು, ಅಪರಿಚಿತ ಜೋರು ನಾಯಿಯನ್ನು ಕಂಡಾಗ ಎಡಕ್ಕೆ. ಕೆನಡಾದಲ್ಲಿ 2008ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ರೋಬೋ ನಾಯಿಗೆ ಒಮ್ಮೆ ಉದ್ದ ಬಾಲ, ಒಮ್ಮೆ ಮೋಟು ಬಾಲ ಸಿಕ್ಕಿಸಿ ಬೇರೆ ನಾಯಿಗಳ ಮುಂದಿಟ್ಟರು. ಉದ್ದ ಬಾಲ ಆಡಿದಾಗ ಅವು ಧೈರ್ಯದಿಂದ ಹತ್ತಿರ ಬಂದವು, ನಿಶ್ಚಲವಾಗಿದ್ದಾಗ ಹಿಂಜರಿದವು. ಮೋಟು ಬಾಲ ಆಡಿದರೂ ಆಡದಿದ್ದರೂ ಅವಕ್ಕೆ ವ್ಯತ್ಯಾಸ ತಿಳಿಯಲಿಲ್ಲ. ಇದನ್ನು ಓದಿದ ಮೇಲೆ, ಮೀನಿನ ಗಾಡಿ ಬಂದಾಗ ಸೇರುವ ನಾಯಿಗಳ ಗುಂಪಿನಲ್ಲಿ ಕೆಂಚನಿಗೆ ಮೊದಲಿಗಿಂತ ಹೆಚ್ಚು ಜಗಳ ಆಗುತ್ತಿದೆಯೇ ಎಂದು ಗಮನಿಸುತ್ತಿದ್ದೇನೆ. ಅವನಿಗೆ ಅರ್ಧಕ್ಕಿಂತ ಹೆಚ್ಚು ಬಾಲ ಉಳಿದಿದೆ, ಅದೇ ಪುಣ್ಯ.

ದೀಪಾವಳಿ ಬಂದರೆ ಬಾಲಕ್ಕೆ ಪಟಾಕಿ ಸರ ಕಟ್ಟುವ ಹುಡುಗರು ಇನ್ನೂ ಇದ್ದಾರೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ಸಲದ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಪಟಾಕಿಯ ಸರಕ್ಕೇ ಅದಕ್ಕಿಂತ ಹೆಚ್ಚು ಬೆಲೆ! ಆದರೆ 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಲ್ಲಿ ಪ್ರಾಣಿಯನ್ನು ಕೊಲ್ಲುವುದು, ಅಂಗಹೀನ ಮಾಡುವುದಕ್ಕೆ ಐದು ವರ್ಷದವರೆಗೆ ಜೈಲು ಇದೆ. ಇದನ್ನು ನಮ್ಮ ಕೇರಿಯ ಹುಡುಗರಿಗೆ ಹೇಳಿದೆ. ಒಬ್ಬ ನನ್ನನ್ನೇ ಕೇಳಿದ, 'ಹಾಗಾದ್ರೆ ಗೇಟಿಗೆ ಎಷ್ಟು ವರ್ಷ ಅಣ್ಣಾ?'

ಬೀದಿ ನಾಯಿಗೆ ಬಾಲದಲ್ಲಿ ಗಾಯ ಕಂಡರೆ ಕರುಣೆಯಿಂದ ನೇರ ಕೈ ಹಾಕಬೇಡಿ. ನೋವಿನಲ್ಲಿ ಸಾಕಿದ ನಾಯಿಯೂ ಕಚ್ಚುತ್ತದೆ, ಕೆಂಚ ನನಗೆ ತೋರಿಸಿದ ಹಲ್ಲು ನೆನಪಿದೆ. ನಾಯಿ ಹಿಡಿದು ಅಭ್ಯಾಸ ಇದ್ದವರೊಬ್ಬರನ್ನು ಜತೆಗೆ ಕರೆದುಕೊಂಡು, ಮೆತ್ತನೆಯ ಬಟ್ಟೆಯಿಂದ ಮೂತಿ ಕಟ್ಟಿಯೇ ಮುಂದಿನ ಕೆಲಸ. ವಾಂತಿ ಮಾಡುತ್ತಿದ್ದರೆ, ಏದುಸಿರು ಬಿಡುತ್ತಿದ್ದರೆ ಮೂತಿ ಕಟ್ಟಬಾರದು. ಪಶುಪಾಲನಾ ಇಲಾಖೆಯ 1962 ಸಂಖ್ಯೆಗೆ ಕರೆ ಮಾಡಿ ವಿಚಾರಿಸಬಹುದು. ಕಚ್ಚಿದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಹಾಕಿಸಿಕೊಳ್ಳಬೇಕು. ಕೆಂಚನಿಗೆ ಪ್ರತಿ ವರ್ಷ ಲಸಿಕೆ ಹಾಕಿಸಿದ್ದೆವು, ಆ ಒಂದು ವಿಷಯದಲ್ಲಿ ಮಾತ್ರ ಡಾಕ್ಟರ ಮುಂದೆ ತಲೆ ಎತ್ತಿ ಉತ್ತರ ಕೊಟ್ಟೆ.

ಈಗ ನಮ್ಮ ಗೇಟಿಗೆ ಹಳೆಯ ಸೈಕಲ್ ಟಯರನ್ನು ಸೀಳಿ ಅಂಚಿನುದ್ದಕ್ಕೂ ಬಿಗಿದಿದ್ದೇವೆ, ಗಾಳಿಗೆ ಬಡಿಯದಂತೆ ಕೆಳಗೊಂದು ಕೊಂಡಿ ಹಾಕಿಸಿದ್ದೇವೆ. ಮನೆಯ ಅಂದ ಹೋಯಿತು ಎಂದು ಅಪ್ಪ ಗೊಣಗುತ್ತಾರೆ. ಅವರೇ ಬೈಕು ತೆಗೆಯುವ ಮೊದಲು ಸೀಟಿಗೆ ಎರಡು ಸಲ ಬಡಿದು, ಬಗ್ಗಿ ಚಕ್ರದ ಹಿಂದೆ ನೋಡುತ್ತಾರೆ, ನೆರಳಿಗೆ ಮಲಗಿದ ನಾಯಿಯ ಬಾಲ ಅಲ್ಲೇ ಚಾಚಿಕೊಂಡಿರುತ್ತದೆ. ಬಾವಿಕಟ್ಟೆಯ ಕೊಡಪಾನವನ್ನು ಗೋಡೆಯ ಬದಿಗೆ ಸರಿಸಿದ್ದೇವೆ, ಹೊಸ ಚರ್ಮ ಇನ್ನೂ ತೆಳು.

ನಾನು ಗೇಟು ಎಳೆಯುವ ಮುಂಚೆ ಹಿಂದೆ ತಿರುಗಿ ನೋಡುತ್ತೇನೆ. ಕೆಂಚ ಗೇಟಿನಿಂದ ಮೂರು ಮಾರು ದೂರದಲ್ಲೇ ನಿಂತಿರುತ್ತಾನೆ, ಹತ್ತಿರ ಬರುವುದಿಲ್ಲ. ಮೋಟು ಬಾಲ ಆಡುತ್ತಿರುತ್ತದೆ. ಅದು ಬಲಕ್ಕೆ ಹೆಚ್ಚು ಹೋಗುತ್ತಿದೆಯೋ ಎಡಕ್ಕೋ ಎಂದು ನೋಡುತ್ತ ನಿಂತು ಈ ತಿಂಗಳು ಎರಡು ಸಲ ಬಸ್ ತಪ್ಪಿಸಿಕೊಂಡಿದ್ದೇನೆ.